ಬೀಗದೊಳಗಿನ ಸ್ವಾಗತ

ಜುಲೈ ೨೩, ಬುಧವಾರ

ಮೈ ಇನ್ನೂ ಉರಿಯುತ್ತಿದೆ. ಹೊಸ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಹೊರಡುವ ಮುನ್ನ ಓದಲೆಂದು ತಿಂಗಳುಗಟ್ಟಲೆ ಕೂತು ನಮ್ಮ ವೆಬ್‌ಸೈಟಿಗೆ ಬರೆದಿದ್ದೆ: ಯಾವ ಬಸ್ಸು, ಯಾವ ಗೇಟು, ಹಾಸ್ಟೆಲಿಗೆ ಹಾಸಿಗೆ ತರಬೇಕೇ ಬೇಡವೇ. ಆ ಪುಟಗಳನ್ನು ತೆರೆಯಲು ವಿದ್ಯಾರ್ಥಿ ಸಂಖ್ಯೆ ಬೇಕಂತೆ. ಅದನ್ನು ಕೊಡುವುದು ಇಲ್ಲಿಗೆ ಬಂದ ಮೇಲೆ!

ಬೆಳಿಗ್ಗೆ ಒಬ್ಬ ಹುಡುಗಿ ಫೋನ್ ಮಾಡಿದಳು. "ಮೇಡಂ, ನಮ್ಮನೇಲಿ ಕಾಲೇಜಿಗೆ ಹೋದೋರು ಯಾರೂ ಇಲ್ಲ. ಅಮ್ಮ ರೂಮಿನ ತನಕ ಬರಬಹುದಾ? ವೆಬ್‌ಸೈಟು ಒಳಗೇ ಬಿಡ್ತಿಲ್ಲ. ನಂಗೆ ಸೀಟು ಸಿಕ್ಕಿದ್ದು ಸುಳ್ಳಾ?"

"ನಿಜಾನೇ ಕಣಮ್ಮ, ಅಮ್ಮನ್ನೂ ಕರ್ಕೊಂಡು ಬಾ" ಎಂದೆ.

ನೇರ ನಮ್ಮ ವಿಭಾಗದ ಸಾಹೇಬರ ಕೋಣೆಗೆ ಹೋಗಿ, ಆ ಪುಟಗಳ ಬೀಗ ತೆಗೆಸಿ ಎಂದು ಹೇಳಿದೆ. ಅವರು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. "ಅದೆಲ್ಲ ಸೇಫ್ಟಿಗೆ ಕಣ್ರೀ. ಒಂದಾದ್ರೂ ದೂರು ಬಂದಿದ್ಯಾ? ಸುಮ್ನೆ ತಲೆ ತಿನ್ಬೇಡಿ."

ನನ್ನ ಜಾಗಕ್ಕೆ ಬಂದು, ದೂರು ಬರೆಯುವ ಪುಟ ಎಲ್ಲಿದೆ ಎಂದು ಹುಡುಕಿದೆ. ಅದೂ ಅದೇ ಬೀಗದೊಳಗೆ.

ದೂರೇ ಬಂದಿಲ್ಲವಂತೆ! ಈ ಹುಡುಗಿಗಾದರೂ ಫೋನ್ ಮಾಡುವ ಧೈರ್ಯವಿತ್ತು. ಸೀಟೇ ಸುಳ್ಳು ಅಂದುಕೊಂಡು, ಕಟ್ಟಿದ ಬ್ಯಾಗನ್ನು ಮತ್ತೆ ಬಿಚ್ಚಿದ ಮಕ್ಕಳು ಎಷ್ಟು ಜನವೋ, ಅವರಿಗೆಲ್ಲ ನಾನು ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಲಿ?