ನಲವತ್ತು ಸೈಟಿಗೆ ಒಂದೇ ಕೀಲಿಕೈ

ಸೊಲ್ಲಾಪುರ ರಸ್ತೆ, ವಿಜಯಪುರ

ಮಾಲಾ ಮೇಡಂ ಅವರಿಗೆ ಅಕ್ರಮ್‌ನ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೆ ಈ ಇ-ಮೇಲ್ ಬರೆಯುತ್ತಿದ್ದೇನೆ. ನಮ್ಮ ಬಾಡಿಗೆ ಸರ್ವರಿನ ನಲವತ್ತು ವೆಬ್‌ಸೈಟಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡೋಣ ಎಂದು ನೀವು ಕೆಲಸ ಬಿಡುವ ದಿನವೂ ಹೇಳಿದ್ದಿರಿ. "ಎಲ್ಲಾರೂ ನಮ್ಮ ಮಂದೀನ ಅದಾರಲ್ರಿ, ಯಾರಿಗೆ ಕೀಲಿ ಹಾಕೂದು" ಎಂದು ನಾನು ನಕ್ಕು, ಎಲ್ಲಕ್ಕೂ ಒಂದೇ ಇಟ್ಟುಬಿಟ್ಟೆ.

ಇವತ್ತು ಬೆಳಿಗ್ಗೆ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯ ಸೈಟಿನಿಂದ ಯಾರೋ ಒಳನುಗ್ಗಿ, ಅದೇ ಸರ್ವರಿನಲ್ಲಿರುವ ಜಲನಗರದ ದವಾಖಾನೆಯ ರೋಗಿಗಳ ವರದಿಗಳನ್ನು ಬಯಲಿಗಿಟ್ಟಿದ್ದಾರೆ. ಸರ್ವರ್ ಬಂದ್ ಮಾಡೋಣವೆಂದರೆ ನನ್ನ ಪಾಸ್‌ವರ್ಡ್ ನಡೆಯುತ್ತಿಲ್ಲ, ನುಗ್ಗಿದವರು ಬದಲಿಸಿದ್ದಾರೆ. ನಿಮ್ಮ ಹಳೆಯ ಖಾತೆಯನ್ನು ನಾನು ತೆಗೆದಿಲ್ಲ. ಅದಕ್ಕೊಂದಕ್ಕೆ ನೀವು ಬೇರೆ ಪಾಸ್‌ವರ್ಡ್ ಇಟ್ಟಿದ್ದಿರಿ. ದಯವಿಟ್ಟು ಅದರಿಂದ ಈಗಲೇ ಬಂದ್ ಮಾಡಿ.

ಏನೇನು ಹೊರಬಿದ್ದಿದೆ ಎಂದು ನೋಡುವಾಗ ನಿಮ್ಮ ಹೆಸರಿನ ವರದಿಯೂ ಸಿಕ್ಕಿತು. ಕೆಲಸ ಯಾಕೆ ಬಿಟ್ಟಿರಿ ಎಂದು ಇನ್ನು ಕೇಳುವುದಿಲ್ಲ.

ತಪ್ಪು ಮಾಡಿದ,
ಅಕ್ರಮ್