ಮಂಗಳ ಕತ್ತರಿಸಿದ ಫೈಲು

೧೨-೨-೨೦೨೪, ಸೋಮವಾರ. ರಾತ್ರಿ ೯
ಮೂರು ಮದುವೆ, ಒಂದು ನಾಮಕರಣ — ಕನ್ವರ್ಟ್ ಮುಗಿಯಿತು. ಹಳೆಯ ಸಿಡಿಯೊಳಗಿನ ಫೈಲು ಈಗಿನ ಟಿವಿಗಳಲ್ಲಿ ಓಡುವುದಿಲ್ಲ. ಎಂಪಿ೪ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ — ಆಹಾ! ಸತ್ತವರೂ ಎದ್ದು ಬಂದು ಪಂಕ್ತಿಯಲ್ಲಿ ಕೂರುತ್ತಾರೆ! ಗಿರಾಕಿಗಳಿಗೆ ಇದನ್ನು ಪಕ್ಕದ ಕರೆಂಟ್ ಮಗ್ಗದ ಸದ್ದನ್ನೂ ಮೀರಿಸಿ ಹೇಳಿದೆ. ಒಳಗಿನಿಂದ ವಾಣಿಶ್ರೀ: “ಮಹಾರಾಜ್ರೇ, ಹಾಲು ಉಕ್ತಾ ಐತೆ. ಆಸ್ಥಾನ ಬಿಟ್ಟು ಬನ್ರೀ.” ಇಪ್ಪತ್ತು ವರ್ಷ ರಾಜನ ಪಾರ್ಟು ಮಾಡಿದ್ದಕ್ಕೆ ಹೆಂಡತಿ ಕೊಟ್ಟ ಬಿರುದು.

ಮಧ್ಯಾಹ್ನ ಬೈರಣ್ಣನ ಮಗಳು ಕೀರ್ತನ ಬಂದಳು. ೨೦೦೬ರಲ್ಲಿ ರಾಜಘಟ್ಟದಲ್ಲಿ ಆಡಿದ ನಾಟಕದ ಸಿಡಿ ತಂದಿದ್ದಳು. ನಾನು ರಾಜ, ಬೈರಣ್ಣ ಸೇನಾಪತಿ. ಎಂಥಾ ಕಂಠ! ಈಗ ಲಕ್ವ ಹೊಡೆದು ಏಳು ತಿಂಗಳು, ಮಾತಿಲ್ಲ.
“ಮಾಮ, ಹಳೇ ಧ್ವನಿ ಕೇಳ್ಸಿ ಅಂದವ್ರೆ ಡಾಕ್ಟ್ರು. ಅಪ್ಪ ಒಂದ್ಸಲ ನನ್ನ ಹೆಸರು ಕರುದ್ರೆ ಸಾಕು.”
ಅವಳು ಕಾಯುತ್ತಿದ್ದಂತೆಯೇ ಮಾಡಿಕೊಟ್ಟೆ. ಫೈಲಿನ ಉದ್ದ ಎರಡು ಗಂಟೆ ನಾಲ್ಕು ನಿಮಿಷ. ಕೊನೆಯ ಮಂಗಳ ಕತ್ತರಿಸಿದೆ. ಯಾವ ನಾಟಕಕ್ಕಾದರೂ ನಾನು ಮಾಡುವುದು ಹಾಗೆಯೇ. ಎಲ್ಲರೂ ಸಾಲಾಗಿ ನಿಂತು ಹಾಡುವ ಆ ಏಳು ನಿಮಿಷ ಯಾರೂ ನೋಡುವುದಿಲ್ಲ, ಫೈಲು ಸುಮ್ಮನೆ ಭಾರ.
ಹೊರತೆಗೆಯುವಾಗ ಸಿಡಿ ಎರಡು ಹೋಳಾಯಿತು. ಹಳೆಯದಲ್ಲವೇ.

೧೩-೨, ಮಂಗಳವಾರ
ಕೀರ್ತನಳ ಫೋನು. ಅಳು, ನಗು ಎರಡೂ. “ಮಾಮ, ಅಪ್ಪ ಮಾತಾಡಿದ್ರು!”
“ಭಲೇ! ಏನಂದ?”
“‘ಮಹಾಪ್ರಭು, ಅಪ್ಪಣೆಯಾಗಲಿ’ ಅಂದ್ರು.”
ಹೊಟ್ಟೆ ತುಂಬ ನಕ್ಕೆ. ಕಲಾವಿದ ಎಂದರೆ ಹಾಗಿರಬೇಕು!

೧೫-೨, ಗುರುವಾರ
ನೋಡಲು ಹೋದೆ. ನಗು ಬರಲಿಲ್ಲ.
ಬೈರಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಸತ್ತ ಬಲಗೈ ಈಗ ಸೊಂಟದ ಮೇಲಿದೆ — ಕತ್ತಿಯ ಹಿಡಿ ಇರುವ ಜಾಗದಲ್ಲಿ. ಎರಡು ದಿನದಿಂದ ಕೂತಿಲ್ಲ, ಉಂಡಿಲ್ಲ. ತೀರ್ಥ ಎಂದು ಹೇಳಿದರೆ ಮಾತ್ರ ಒಂದು ಗುಟುಕು ಎಳನೀರು. ಕೀರ್ತನ ಮುದ್ದೆಯ ತಟ್ಟೆ ಹಿಡಿದಳು.
“ಯುದ್ಧಕಾಲದಲ್ಲಿ ಸೇನಾಪತಿಗೆ ಭೋಜನವೇ? ತೊಲಗು ದಾಸಿ!”
ಕೀರ್ತನ ತಟ್ಟೆ ಹಿಡಿದುಕೊಂಡೇ ಕುಸಿದು ಕೂತಳು. ನನ್ನನ್ನು ಕಂಡವನೇ ಬೈರಣ್ಣ ಮಂಡಿಯೂರಿದ. ಭೋಜನದ ಆ ಮಾತು... ನಮ್ಮ ನಾಟಕದಲ್ಲಿ ಆ ಮಾತು ಇಲ್ಲವೇ ಇಲ್ಲ. ಪುಸ್ತಕವೆಲ್ಲ ನನಗೆ ಬಾಯಿಪಾಠ.

೧೬-೨, ಶುಕ್ರವಾರ. ಮಧ್ಯಾಹ್ನ ೩
ಕಂಪ್ಯೂಟರಿನಲ್ಲಿ ಉಳಿದ ಫೈಲು ತೆಗೆದೆ. ಎರಡು ಗಂಟೆ ಆರು ನಿಮಿಷ. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಕತ್ತರಿಸಿದ್ದೆ — ಬರೆದೇ ಇಟ್ಟಿದ್ದೇನೆ.
ಕತ್ತರಿಸಿದ ಜಾಗದ ಮುಂದೆಯೂ ಸ್ಟೇಜು ಇದೆ. ನಾವಿಬ್ಬರೂ ನಿಂತಿದ್ದೇವೆ. ಚಿತ್ರ ಅಲ್ಲೇ ಸಿಕ್ಕಿಕೊಂಡಿದೆ ಅಂದುಕೊಂಡೆ. ಇಲ್ಲ... ಹಿಂದಿನ ಪರದೆ ಗಾಳಿಗೆ ಅಲುಗುತ್ತಿದೆ. ಬೆವರಿಗೆ ಬಣ್ಣ ಇಳಿಯುತ್ತಿದೆ. ಹಾಡುತ್ತಿಲ್ಲ. ಕಾಯುತ್ತಿದ್ದೇವೆ.
ಇನ್ನೊಮ್ಮೆ ಕನ್ವರ್ಟ್‌ಗೆ ಹಾಕಿದೆ. ತೊಂಬತ್ತೊಂಬತ್ತು ಪರ್ಸೆಂಟಿನಲ್ಲಿ ಬಹಳ ಹೊತ್ತು ನಿಂತಿತು. ಬಂದದ್ದು ಎರಡು ಗಂಟೆ ಒಂಬತ್ತು ನಿಮಿಷ.
ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚಿದವು. ಯುಪಿಎಸ್ ಮೇಲೆ ಸ್ಕ್ರೀನ್ ಮಾತ್ರ ಉರಿಯುತ್ತಿತ್ತು. ಅದರೊಳಗಿನ ರಾಜ ತಲೆಯೆತ್ತಿ ನನ್ನನ್ನು ನೋಡಿದ.

೧೭-೨, ಶನಿವಾರ
ಸೂಲಿಬೆಲೆಗೆ ಹೋಗಿಬಂದೆ. ನಮಗೆಲ್ಲ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ವೆಂಕಟರಮಣಪ್ಪನವರಿಗೆ ಈಗ ಎಂಬತ್ತು. ಕೇಳಿದರು. ಬಯ್ದರು.
“ಲೇ ಜವರಪ್ಪ, ಮಂಗಳ ಹಾಡ್ದೆ ಬಣ್ಣ ತೆಗೀಬ್ಯಾಡ್ರೋ ಅಂತ ಬಡ್ಕೊಂಡಿರ್ಲಿಲ್ವಾ? ಅದು ದೇವ್ರಿಗಲ್ಲ ಕಣೋ, ನಿಮಗೆ. ಪಾತ್ರದಿಂದ ಈಚೆ ಬರಾಕೆ ಇರೋ ಬಾಗ್ಲು ಅದು. ಅದುಕ್ಕೇ ಕತ್ರಿ ಹಾಕಿದ್ಯಾ?”
“ಫೈಲು ದೊಡ್ಡದಾಗ್ತದೆ ಅಂತ...”
“ನಿನ್ ಫೈಲಿಗಿಷ್ಟು! ನಾಳೆ ಇಬ್ರೂ ಬಣ್ಣ ಹಚ್ಚಿ ನಿಂತ್ಕಳಿ. ಹಾರ್ಮೋನಿಯಂ ಪೆಟ್ಟಿಗೆ ನಾನು ಬಾರುಸ್ತೀನಿ. ಕೊನೇ ಸಾಲಿನ ತನಕ ಹಾಡ್ಬೇಕು. ನಡುವೆ ನಿಲ್ಸುದ್ರೆ ಯಾರು ಆಚೆ, ಯಾರು ಒಳಗೆ... ನನ್ನ ಕೇಳ್ಬ್ಯಾಡ.”

೧೮-೨, ಭಾನುವಾರ. ಸಂಜೆ
ಗೆದ್ದೆವು! ಗೆದ್ದೆವು!
ಬೈರಣ್ಣನ ಮನೆಯ ಪಡಸಾಲೆಯಲ್ಲೇ ನಿಂತೆವು. ನಾನೂ ಬಣ್ಣ ಹಚ್ಚಿಕೊಂಡು, ಅವನ ಮುಖಕ್ಕೂ ನಾನೇ ಹಚ್ಚಿದೆ. ಮೇಷ್ಟ್ರು ಶ್ರುತಿ ಹಿಡಿದರು. ಮೊದಲ ಸಾಲು ನಾನೊಬ್ಬನೇ. ಎರಡಕ್ಕೆ ಅವನ ತುಟಿ ಅಲುಗಿತು. ಮೂರಕ್ಕೆ ದನಿ ಕೂಡಿಸಿದ. ಸೊಂಟದ ಮೇಲಿನ ಕೈ ಜಾರಿ ಬಿತ್ತು.
“ಕೀರ್ತನ... ಹಸಿವು ಕಣಮ್ಮ.”
ಆಹಾ! ಆ ಮಗು ಅಪ್ಪನ ಮೇಲೆ ಬಿದ್ದು ಅತ್ತ ಪರಿ! ನಾನೂ ಓಡಿ ತಬ್ಬಿಕೊಂಡೆ. ಹಾರ್ಮೋನಿಯಂ ನಿಂತಿತು.
“ಕೊನೇ ಸಾಲು ಕಣೋ, ಕೊನೇ ಸಾಲು!”
“ಬಿಡಿ ಮೇಷ್ಟ್ರೇ, ಬಂದ್ಬಿಟ್ನಲ್ಲ!” ಎಂದು ಗುಡುಗಿದೆ.

೧೯-೨, ಸೋಮವಾರ
ಮುಖಕ್ಕೆ ಮತ್ತೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಬಟ್ಟೆ ಬೆಳ್ಳಗೇ ಇದೆ. ಕನ್ನಡಿಯಲ್ಲಿಯೂ ಮುಖ ಶುಭ್ರ. ಆದರೆ ಕೆನ್ನೆ ಬಿಗಿಯುತ್ತಿದೆ, ಒಣಗಿದ ಬಣ್ಣ ಬಿಗಿಯುವ ಹಾಗೆ.
ಫೈಲು ತೆಗೆದೆ. ಸೇನಾಪತಿ ಇಲ್ಲ. ರಾಜ ಒಬ್ಬನೇ.
ಕೊನೆಯ ಸಾಲು ಹಾಡಿ ಮುಗಿಸಿಬಿಡೋಣವೆಂದರೆ — ನೆನಪಿಲ್ಲ. ಇಪ್ಪತ್ತು ವರ್ಷ ಹಾಡಿದ ಸಾಲು! ಬೈರಣ್ಣನಿಗೆ ಫೋನು ಮಾಡಿದೆ. ಅವನಿಗೂ ಇಲ್ಲ. ಮೇಷ್ಟ್ರಿಗೆ ಮಾಡಿದೆ. “ಬೆರಳು ಓಡ್ತದೆ ಕಣೋ, ಮಾತು ಬರ್ತಿಲ್ಲ...” ಪುಸ್ತಕದ ಕೊನೆಯ ಹಾಳೆ ಎಂದೋ ಹರಿದುಹೋಗಿದೆ.
ನನ್ನ ಹಾರ್ಡ್‌ಡಿಸ್ಕಿನಲ್ಲಿ ನಾವಾಡಿದ ನಲವತ್ತೊಂದು ನಾಟಕಗಳಿವೆ. ಒಂದೊಂದನ್ನೂ ತೆಗೆದು ನೋಡಿದೆ.
ಎಲ್ಲದರಲ್ಲೂ ಮಂಗಳ ನಾನೇ ಕತ್ತರಿಸಿದ್ದೇನೆ.

೨೩-೨, ಶುಕ್ರವಾರ
ಸೇನಾಪತಿಯ ಸುಳಿವಿಲ್ಲ. ಸಭೆ ಬರಿದಾಗಿದೆ. ನಾವು ಕಾಯುತ್ತಿದ್ದೇವೆ.
ಹೆಂಗಸೊಬ್ಬಳು ಆಗಾಗ ಬಂದು ನಮ್ಮೆದುರು ಕಾಫಿ ಇಟ್ಟು, “ರೀ, ನನ್ನ ನೋಡ್ರೀ” ಎಂದು ಅಳುತ್ತಾಳೆ. ಇವಳ ದುಃಖವೇನೆಂದು ವಿಚಾರಿಸಬೇಕು. ಹೆಸರು ನಾಲಿಗೆಯ ತುದಿಯಲ್ಲಿದೆ... ವಾ... ವಾ...
ಯಾರಲ್ಲಿ! ಈ ಹೆಂಗಸಿನ —