ರಬ್ಬರ್ ಉಂಗುರ ನಿಂತ ಜಾಗ

ಚಳ್ಳಕೆರೆ
೯ ಫೆಬ್ರುವರಿ ೨೦೨೫, ಭಾನುವಾರ

ಮಗಳು ತ್ರಿವೇಣಿಗೆ,

ನಿನ್ನ ಅಪ್ಪಾಜಿಯ ಆಶೀರ್ವಾದಗಳು. ನಾನು, ನಿಮ್ಮವ್ವ ಇಬ್ಬರೂ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು. ತಡ ಅಂದರೆ ಎರಡು ವರ್ಷ. ಹೋದ ಆಯುಧಪೂಜೆಯ ದಿನ ಒಂದು ಕಾಗದ ಶುರು ಮಾಡಿದ್ದೆ, ಅರ್ಧ ಪುಟ ಬರೆದು ಹರಿದು ಹಾಕಿದೆ. ಫೋನಿನಲ್ಲಿ ನಾವಿಬ್ಬರೂ ಮಾತಾಡುವ ಚೆಂದ ನಿನಗೇ ಗೊತ್ತು. "ಊಟ ಆತಾ?" "ಆತು." "ಬಸ್ಸು ಸಿಕ್ತಾ?" "ಸಿಕ್ತು." ಅಷ್ಟಕ್ಕೆ ನಾನು "ತಗೋ, ನಿಮ್ಮವ್ವನ ಹತ್ರ ಮಾತಾಡು" ಅಂತ ಫೋನು ದಾಟಿಸಿಬಿಡುತ್ತೇನೆ. ನೀನಿರುವ ದೇವಸಮುದ್ರ ಏನು ಕಾಗದ ಹಾಕುವಷ್ಟು ದೂರವೇ? ಬೆಳಿಗ್ಗೆ ಬಸ್ಸು ಹತ್ತಿದರೆ ನೀನು ಪಾಠ ಹೇಳುವ ಶಾಲೆಯ ಬೆಲ್ಲು ಹೊಡೆಯುವ ಹೊತ್ತಿಗೆ ಬಂದು ನಿಲ್ಲಬಹುದು. ಎದುರು ನಿಂತು ಹೇಳುವ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿ ನಡೆಯುತ್ತಿದೆ. ಎಣ್ಣೆ ಮಿಲ್ಲಿನ ಕಡೆಯಿಂದ ಡಬ್ಬ ಹೊರುವ ಸೈಕಲ್ಲುಗಳು ಈಗ ವಾರಕ್ಕೆ ಎರಡೋ ಮೂರೋ ಬಂದರೆ ಹೆಚ್ಚು. ಪಕ್ಕದ ನಾಗೇಂದ್ರಪ್ಪ ಮೊಬೈಲ್ ಕವರ್ ಮಾರಲು ಶುರು ಮಾಡಿದ ಮೇಲೆ ದಿನಾ ನನಗೆ ಬುದ್ಧಿ ಹೇಳುತ್ತಾನೆ: "ಬಿಡ್ರಿ ಜಂಬುಲಿಂಗಪ್ಪ, ಇನ್ನೂ ಎಷ್ಟು ದಿನ ಪಂಚರ್ ಹಾಕ್ತೀರಿ?" ನಾನು ಕೇಳಿಸಿಕೊಂಡೇ ಇಲ್ಲ ಎನ್ನುವಂತೆ ಪಂಪು ಒತ್ತುತ್ತೇನೆ. ನಿಮ್ಮವ್ವನ ಮಂಡಿನೋವು ಚಳಿ ಕಮ್ಮಿಯಾದ ಮೇಲೆ ಪರವಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಸೈಕಲ್ಲನ್ನು ಮತ್ತೆ ಕಟ್ಟಿದ್ದೇನೆ. ಅದೇ, ಹಿಂದೆ ಮುಂದೆ ಎರಡೂ ಕಡೆ ಕುಲುಕಾಟ ತಡೆಯುವ ಶಾಕ್ ಇರುವ ಬೆಟ್ಟದ ಸೈಕಲ್ಲು. ನೀನು ಬಿದ್ದ ದಿನ ತಂದು ಅಟ್ಟದ ಮೇಲೆ ಗೋಣಿಚೀಲ ಹೊದಿಸಿ ಮಲಗಿಸಿದ್ದು, ಹೋದ ಕಾರ್ತಿಕದವರೆಗೂ ಹಾಗೇ ಇತ್ತು.

ಅದನ್ನು ಇಳಿಸುವಂತೆ ಮಾಡಿದವನು ಈರೇಶ. ನಿನ್ನ ಜೊತೆ ಕುದಾಪುರದ ಹುಲ್ಲು ಕಾವಲಿನಲ್ಲಿ ಸೈಕಲ್ ಪ್ರಾಕ್ಟೀಸು ಮಾಡುತ್ತಿದ್ದವನು ಈಗ ಕುರಿ ಸಾಗಿಸುವ ಗಾಡಿ ಓಡಿಸುತ್ತಾನೆ. ದೇವಸಮುದ್ರಕ್ಕೆ ಬಂದಾಗ ನಿನ್ನನ್ನು ಕಂಡನಂತೆ. ಅಂಗಡಿಗೆ ಬಂದು ಹೇಳಿದ: "ಅಣ್ಣಾರೆ, ಅಕ್ಕ ಸೈಕಲ್ ಮುಟ್ಟಾದೇ ಬಿಟ್ಟವ್ಳೆ ಕಣ್ರಿ. ಶಾಲೆ ಹುಡುಗೇರು 'ಕಲಿಸ್ರಿ ಮಿಸ್' ಅಂತ ದುಂಬಾಲು ಬಿದ್ರೆ, 'ನನ್ನ ಕೈ ನಂಬಬ್ಯಾಡ್ರಿ, ಹೆದ್ರಿಕೆ ಆದ್ರೆ ನಂಗೇ ಗೊತ್ತಿಲ್ದಂಗೆ ಬ್ರೇಕ್ ಹಿಡೀತೈತೆ' ಅಂದ್ಲಂತೆ." ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. ಅವತ್ತು ಮತ್ತೆ ಕೆಲಸ ಮಾಡಲು ಆಗಲಿಲ್ಲ.

ಮಾರನೇ ದಿನ ಪೂರ್ತಿ ಬಿಚ್ಚಿದೆ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಕೀಲುಗಳ ಬೇರಿಂಗಿನಲ್ಲಿ ಮೊಳಕಾಲ್ಮುರು ಗುಡ್ಡದ ಕೆಂಪು ಮಣ್ಣು ಹಾಗೇ ಕೂತಿತ್ತು. ಎಲ್ಲಾ ಹೊಸದು ಹಾಕಿದೆ. ಚಕ್ರಗಳ ಕಡ್ಡಿಯನ್ನು ಒಂದೊಂದಾಗಿ ಮೀಟಿ ಸದ್ದು ಕೇಳಿ ಬಿಗಿ ಮಾಡಿದೆ. ಬ್ರೇಕಿನ ಎಣ್ಣೆ ಬದಲಿಸಲು ಮೂರು ದಿನ ಹಿಡಿಯಿತು. ಒಳಗೆ ಒಂದು ಗುಳ್ಳೆ ಗಾಳಿ ಉಳಿದರೂ ಲಿವರ್ ಮೆತ್ತಗಾಗುತ್ತದೆ, ಹಾಳಾದ್ದು! ಸಿಟ್ಟು ಬಂದು ಬಾಟಲಿ ಎಸೆದೆ, ಮತ್ತೆ ನಾನೇ ಹೋಗಿ ಎತ್ತಿಕೊಂಡು ಬಂದೆ. ಯಾವ ಬೋಲ್ಟು ಎಷ್ಟು ಬಿಗಿ ಇರಬೇಕೆಂದು ತೋರಿಸುವ ಹೊಸ ಪಾನಾ ಕೂಡ ತರಿಸಿದ್ದೇನೆ. ಮೂವತ್ತೈದು ವರ್ಷ ಕೈ ಅಂದಾಜಿನಲ್ಲೇ ಬಿಗಿ ಮಾಡಿದವನು ನಾನು.

ಕೊನೆಗೆ ಉಳಿದದ್ದು ಹಿಂದಿನ ಶಾಕು, ಸ್ಪ್ರಿಂಗ್ ಇಲ್ಲದೆ ಒಳಗೆ ತುಂಬಿದ ಗಾಳಿಯ ಮೇಲೇ ಕುಗ್ಗಿ ಏಳುವಂಥದ್ದು. ನನ್ನ ಮೊಂಡುತನ ನಿನಗೆ ಹೊಸದಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದದ್ದು ನಾಲ್ಕು ಡಬ್ಬ ಎಣ್ಣೆ, ಎರಡು ಚೀಲ ಶೇಂಗಾ ಹೊರುವ ಸೈಕಲ್ಲುಗಳು. ಹೆಬ್ಬೆರಳು ಒತ್ತಿದರೆ ಟೈರು ಕಲ್ಲಿನ ಹಾಗಿರಬೇಕು, ಬೆರಳು ಒಳಗೆ ಹೋದರೆ ಕೆಲಸ ಕೆಟ್ಟಿತು ಎಂದು ನಮ್ಮಪ್ಪ ಕಲಿಸಿದ್ದ. ಐವತ್ತು ಕೆಜಿಯ ಹುಡುಗಿ ಕೂರುವ ಸೈಕಲ್ಲಿನ ಶಾಕಿಗೂ ನಾನು ಅದೇ ಲೆಕ್ಕದಲ್ಲಿ ತುಂಬಿದೆ. ಮೀಟರಿನಲ್ಲಿ ನೂರ ತೊಂಬತ್ತು!

ಸೈಕಲ್ ಟೀಮಿನ ಸೆಲೆಕ್ಷನ್ನಿನ ಹಿಂದಿನ ದಿನ ನೀನು ಹೇಳಿದ್ದೆ, "ಅಪ್ಪಾಜಿ, ಹಿಂದಿನ ಶಾಕ್ ಬಾಳ ಗಟ್ಟಿ ಐತೆ, ಕುದುರೆ ಒದ್ದಂಗೆ ಒದೀತೈತೆ. ಒಂಚೂರು ಗಾಳಿ ಬಿಡ್ರಿ." ನಾನು, "ಏಯ್, ನೀನು ಹುಟ್ಟಾಕ್ ಮುಂಚೆಯಿಂದ ಗಾಳಿ ಹಾಕ್ತಿದೀನಿ. ಮೆತ್ತಗೆ ಮಾಡಿದ್ರೆ ಕಲ್ಲಿಗೆ ಬಡಿದು ಮುರ್ಕೊಂಡು ಹೋಗ್ತೈತೆ" ಅಂತ ಬಾಯಿ ಮುಚ್ಚಿಸಿದೆ. ಶಾಕಿಗೆ ಗಾಳಿ ಹಾಕುವ ಆ ಚಿಕ್ಕ ಪಂಪನ್ನು ನೀನು ಮುಟ್ಟಬಾರದೆಂದು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಎಂಥಾ ತಲೆ ನನ್ನದು.

ಮಾರನೇ ದಿನ ಮೊಳಕಾಲ್ಮುರು ಗುಡ್ಡದ ಇಳಿಜಾರು. ಆ ಕಲ್ಲಿನ ಮೆಟ್ಟಿಲ ಹತ್ತಿರ ಹಿಂದಿನ ಚಕ್ರ ಎದ್ದಿತು, ನೀನು ಹ್ಯಾಂಡಲ್ ದಾಟಿ ಬಿದ್ದೆ, ಹೆಗಲ ಮೂಳೆ ಮುರಿಯಿತು. ಟೀಮು ಆರಿಸಲು ಬಂದಿದ್ದ ಜಂಪಣ್ಣ ಸರ್ ನನ್ನನ್ನೇ ಕೇಳಿದರು, "ಸೆಟ್ಟಿಂಗ್ ಏನಾದ್ರೂ ತಪ್ಪಿತ್ತೇನ್ರಿ?" ನಾನು ಹೇಳಿದೆ: "ಸೈಕಲ್ ಸರಿಯಾಗೇ ಐತೆ ಸರ್. ಹೆದ್ರಿ ಮುಂದಿನ ಬ್ರೇಕ್ ಹಿಡಿದವ್ಳೆ." ಆಸ್ಪತ್ರೆಯಲ್ಲಿ ಅದನ್ನೇ ನಿನಗೂ ಹೇಳಿದೆ. ನೀನು "ಹಿಡಿದಿರ್ಬೇಕು ಅಪ್ಪಾಜಿ, ನಂಗೇ ಗೊತ್ತಾಗ್ಲಿಲ್ಲ" ಅಂದೆ. ಟೀಮಿನ ಪಟ್ಟಿಯಲ್ಲಿ ನಿನ್ನ ಹೆಸರು ಇರಲಿಲ್ಲ. ಅದಾದ ಮೇಲೂ ಯಾರೂ ಕರೆಯಲಿಲ್ಲ, ನೀನೂ ಕೇಳಲಿಲ್ಲ.

ಈಗ ಈರೇಶ ನನಗೆ ಪಾಠ ಹೇಳಿಕೊಟ್ಟ. ಶಾಕಿನ ಹೊಳೆಯುವ ದಂಡದ ಮೇಲೆ ಒಂದು ಕಪ್ಪು ರಬ್ಬರ್ ಉಂಗುರ ಇರುತ್ತದೆ. ಅದನ್ನು ಮೇಲಕ್ಕೆ ಸರಿಸಿ ಸೈಕಲ್ಲಿನ ಮೇಲೆ ಮೆಲ್ಲಗೆ ಕೂತು ಇಳಿದರೆ, ಶಾಕು ಎಷ್ಟು ಕುಗ್ಗಿತೋ ಅಲ್ಲಿಗೆ ಉಂಗುರ ಬಂದು ನಿಂತಿರುತ್ತದೆ. ಕೂತಾಗ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗಬೇಕು. ಜೋರಾಗಿ ಬಿದ್ದರೆ ತುದಿಯವರೆಗೂ ಹೋಗಬೇಕು. ಉಂಗುರ ಸುಳ್ಳು ಹೇಳುವುದಿಲ್ಲ ಎಂದ.

ಕೂರಿಸಲು ನಿನ್ನಂತೆ ಹಗುರ ಇರುವವರು ಯಾರಿದ್ದಾರೆ? ನಿಮ್ಮವ್ವನನ್ನೇ ಕರೆದೆ. "ಏನ್ರೀ, ಈ ವಯಸ್ನಾಗೆ ನನ್ನ ಸರ್ಕಸ್ಸಿಗೆ ಸೇರಿಸ್ತೀರಾ?" ಅಂತ ನಕ್ಕು, ಸೆರಗು ಸಿಕ್ಕಿಸಿ, ಗೋಡೆ ಹಿಡಿದು ಹತ್ತಿದಳು. ಈರೇಶ ಹ್ಯಾಂಡಲ್ ಹಿಡಿದಿದ್ದ. ನಾನು ಮಂಡಿಯೂರಿ ಉಂಗುರ ನೋಡುತ್ತಾ ಗಾಳಿ ಬಿಡುತ್ತಾ ಹೋದೆ. ನೂರ ತೊಂಬತ್ತರಿಂದ ನೂರ ಹದಿನೈದಕ್ಕೆ ಬಂದಾಗ ಶಾಕು ಮೆಲ್ಲಗೆ ತಗ್ಗಿತು. ನಿಮ್ಮವ್ವನ ನಗು ನಿಂತುಹೋಯಿತು. "ನನ್ನ ಮಗಳ್ನ ನೀವು ಕಲ್ಲಿನ ಮ್ಯಾಲೆ ಕುಂಡ್ರಿಸಿ ಕಳಿಸಿದ್ರಾ?" ಅಂದಳು. ಈರೇಶನ ಎದುರಿಗೇ ಅತ್ತಳು.

ಹೋದ ವಾರ ಆ ಗುಡ್ಡಕ್ಕೇ ತೆಗೆದುಕೊಂಡು ಹೋದೆವು. ಮೊದಲು ಹೊಸ ಗಾಳಿಯಲ್ಲಿ ಈರೇಶ ಮೆಟ್ಟಿಲು ಇಳಿದ. "ಅಣ್ಣಾರೆ, ಕಂಬ್ಳಿ ಮ್ಯಾಲೆ ಕುಂತಂಗೈತೆ!" ಅಂತ ಕೂಗಿದ. ಆಮೇಲೆ ನಾನೇ ಮತ್ತೆ ನೂರ ತೊಂಬತ್ತು ತುಂಬಿದೆ. ಕುಗ್ಗಿದ ಶಾಕು ಮತ್ತೆ ಮೇಲೇಳುವ ವೇಗ ತಗ್ಗಿಸುವ ಕೆಂಪು ಗುಂಡಿಯನ್ನೂ ನಾನು ಅವತ್ತು ಬಿಟ್ಟಿದ್ದ ಹಾಗೇ ಪೂರ್ತಿ ಸಡಿಲ ಬಿಟ್ಟೆ. ಸಣ್ಣ ಕಲ್ಲೊಂದರ ಮೇಲೆ ನಿಧಾನಕ್ಕೆ ಹೋಗು ಅಂದೆ. ಅಷ್ಟಕ್ಕೇ ಹಿಂದಿನ ಚಕ್ರ ಎದ್ದಿತು, ಅವನು ಪಕ್ಕಕ್ಕೆ ಹಾರಿ ಉಳಿದುಕೊಂಡ. ಎರಡೂ ಕೈ ಮೇಲೆತ್ತಿ ತೋರಿಸಿ, "ನಾನು ಬ್ರೇಕ್ ಮುಟ್ಟೇ ಇಲ್ಲ ಕಣ್ರಿ" ಅಂದ.

ನೀನೂ ಮುಟ್ಟಿರಲಿಲ್ಲ ಮಗಳೇ. ನಿನ್ನ ಕೈ ಅವತ್ತೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ. ನಿನಗೆ ಹೆದರಿಕೆ ಇರಲಿಲ್ಲ. ತಪ್ಪು ನನ್ನದು.

ಗುರುವಾರ ಈರೇಶನ ಗಾಡಿಯಲ್ಲಿ ಸೈಕಲ್ಲು ಬರುತ್ತದೆ. ಬೀಗ ಹಾಕಿಟ್ಟಿದ್ದ ಪಂಪನ್ನೂ ಹ್ಯಾಂಡಲ್ಲಿಗೆ ಕಟ್ಟಿದ್ದೇನೆ, ಇನ್ನು ಅದು ನಿನ್ನ ಹತ್ತಿರವೇ ಇರಲಿ. ಈಗಿನ ಗಾಳಿ ನಿಮ್ಮವ್ವನ ಐವತ್ತನಾಲ್ಕು ಕೆಜಿಗೆ ಹೊಂದಿಸಿದ್ದು. ನೀನೀಗ ಎಷ್ಟಿದ್ದೀಯೋ ನನಗೆ ಗೊತ್ತಿಲ್ಲ. ಅವತ್ತೂ ನಾನು ಕೇಳಿರಲಿಲ್ಲ, ಐವತ್ತು ಅನ್ನುವುದನ್ನು ಆಸ್ಪತ್ರೆಯ ಚೀಟಿಯಲ್ಲಿ ಓದಿದ್ದು. ನೀನೇ ಕೂತು, ನೀನೇ ನೋಡಿ ಸರಿ ಮಾಡಿಕೋ. ಬೇಡವೆನಿಸಿದರೆ ಆ ಹುಡುಗಿಯರಿಗೆ ಕೊಡು, ನನಗೆ ಬೇಸರವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಳೆಗಾಲ ಬಂದರೆ ಹೆಗಲು ನೋಯುತ್ತದೆಂದು ನಿಮ್ಮವ್ವನಿಗೆ ಹೇಳಿದ್ದೆಯಂತೆ, ಬಿಸಿನೀರು ಕಾಯಿಸಿಕೋ. ನೀನು ಹೋದ ದಾರಿಯೆಲ್ಲಾ ನಿನಗೆ ಒಳ್ಳೆಯದಾಗಲಿ ಎಂದು ದಿನಾ ವಿಭೂತಿ ಹಚ್ಚುವಾಗ ಬೇಡಿಕೊಳ್ಳುತ್ತೇನೆ.

ನಿನ್ನ ಅಪ್ಪಾಜಿ,
ಜಂಬುಲಿಂಗಪ್ಪ

ತಾ.ಕ.: ನಿಮ್ಮವ್ವ ಇದನ್ನು ಓದಿ "ಎಲ್ಲಾ ಬರೆದ್ರಾ?" ಎಂದು ಕೇಳಿದಳು. ಹೂಂ ಅಂದೆ. ಅವಳು ಒಳಗೆ ಹೋದ ಮೇಲೆ ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಉಂಗುರದ ಪಾಠ ಈರೇಶ ಹೇಳಿಕೊಟ್ಟ ಎಂದು ಬರೆದದ್ದು ಸುಳ್ಳು. ಶಾಕು ಕೂರಿಸಿದ ದಿನವೇ ನೀನು ಹೇಳಿಕೊಟ್ಟಿದ್ದೆ. ನಿನ್ನನ್ನು ಜೀಪಿಗೆ ಎತ್ತುತ್ತಿದ್ದಾಗ ನಾನು ಸೈಕಲ್ಲಿನ ಹತ್ತಿರ ಹೋದೆ. ಅಂಥಾ ಪೆಟ್ಟಿಗೂ ಉಂಗುರ ಅರ್ಧದವರೆಗೂ ಬಂದಿರಲಿಲ್ಲ. ನನಗೆ ಆ ಕ್ಷಣಕ್ಕೇ ಎಲ್ಲಾ ಗೊತ್ತಾಯಿತು. ಜಂಪಣ್ಣ ಸರ್ ಈ ಕಡೆ ಬರುತ್ತಿದ್ದರು. ಅವರು ಬರುವಷ್ಟರಲ್ಲಿ ನಾನು ಹೆಬ್ಬೆರಳಿನಿಂದ ಉಂಗುರವನ್ನು ತುದಿಯವರೆಗೂ ತಳ್ಳಿದೆ. ಅವರು ಬಗ್ಗಿ ನೋಡಿ, "ಶಾಕ್ ಪೂರ್ತಿ ಕೆಲ್ಸ ಮಾಡೈತೆ. ಹಂಗಾದ್ರೆ ತಪ್ಪು ಹುಡುಗೀದೆ" ಅಂದರು. ಇದನ್ನೆಲ್ಲಾ ಬರೆದು ಅವರಿಗೆ ಶುಕ್ರವಾರವೇ ಕಾಗದ ಹಾಕಿದೆ. ನಿನಗೆ ಬರೆಯುವುದೇ ಕಷ್ಟವಾಯಿತು.

ಆಸ್ಪತ್ರೆಯಲ್ಲಿ ನೀನು "ಹಿಡಿದಿರ್ಬೇಕು ಅಪ್ಪಾಜಿ" ಅಂದಾಗ ನನ್ನ ಹೆಬ್ಬೆರಳಿನಲ್ಲಿ ಶಾಕಿನ ಜಿಡ್ಡು ಇನ್ನೂ ಹಾಗೇ ಇತ್ತು. ಆ ಕೈಯಲ್ಲೇ ನಿನ್ನ ತಲೆ ಸವರಿ, "ಹೋಗ್ಲಿ ಬಿಡು, ಎಲ್ಲಾರೂ ಹೆದರ್ತಾರೆ" ಅಂದೆ.